ಕೈ ಹೋಗದ ಟ್ಯಾಂಕು



ಹೋದ ವಾರ ಅಣ್ಣನ ಹಳೇ ಯೆಜ್ಡಿಯ ಪೆಟ್ರೋಲ್ ಟ್ಯಾಂಕಿನ ಫೋಟೋ ಹಾಕಿದ್ದೆ. ಒಳಗಿನ ತುಕ್ಕು ಹೇಗೆ ತೆಗೆದೆ ಅಂತ ಬಹಳ ಜನ ಕೇಳಿದ್ರಿ. ಎರಡು ಸಾಲಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಆ ಟ್ಯಾಂಕಿನ ಮುಂದೆ ಮೂರು ಭಾನುವಾರ ಕೂತಾಗ ತಲೆಗೆ ಬಂದದ್ದು ಎರಡು ಸಾಲಿನದಲ್ಲ. ಸ್ವಲ್ಪ ಉದ್ದ ಆಗ್ತದೆ. ಪುರುಸೊತ್ತು ಇದ್ದಾಗ ಓದಿ, ಆದರೆ ಪೂರ್ತಿ ಓದಿ. ಕೊನೆಯಲ್ಲಿ ಒಂದು ಕೆಲಸ ಇದೆ.

ಮೊದಲು ಗಾಡಿಯ ಕತೆ. ಅಣ್ಣ ಅಂದರೆ ನನ್ನ ಒಡಹುಟ್ಟಿದವರಲ್ಲ. ಎಂಬತ್ತರ ದಶಕದಲ್ಲಿ ನಮ್ಮ ತಾಲೂಕಿನಲ್ಲಿ ಸಂಘ ಕಟ್ಟಿದವರು. ಊರೂರಿನ ಕೇರಿಗೆ ಹೋಗಿ, ಜಗಲಿ ಮೇಲೆ ಕೂತು, ಲಾಟೀನು ಬೆಳಕಲ್ಲಿ ಬಾಬಾಸಾಹೇಬರು ಯಾರು ಅಂತ ತಿಳಿಸಿ ಹೇಳಿದವರು. ಹಿಂದಿನ ಸೀಟಿನಲ್ಲಿ ತಮಟೆ ಹಿಡಿದ ಒಬ್ಬ, ಮುಂದೆ ಟ್ಯಾಂಕಿನ ಮೇಲೆ ಕರಪತ್ರದ ಚೀಲ. ಟ್ಯಾಂಕಿನ ಎರಡೂ ಬದಿಗೆ ನೀಲಿ ಬಳಿಸಿ, ಬಿಳಿ ಅಕ್ಷರದಲ್ಲಿ ದಲಿತ ಸಂಘರ್ಷ ಸಮಿತಿ ಅಂತ ಬರೆಸಿದ್ದರು. ಬರೆದವನು ಗೋಡೆಬರಹದ ಹುಡುಗ. ಅದರಲ್ಲಿ 'ಘ' ಅಕ್ಷರ ಸ್ವಲ್ಪ ವಾಲಿದೆ. ಆ ವಾಲಿದ 'ಘ' ನೋಡಿದರೆ ನಮ್ಮ ಕಡೆಯ ಹಳಬರಿಗೆ ಈಗಲೂ ಗುರುತು ಸಿಗ್ತದೆ.

ಅಣ್ಣ ತೀರಿಕೊಂಡ ಮೇಲೆ ಅವರ ಮಗಳು ಫೋನ್ ಮಾಡಿ, "ಗುಜರಿಯವನು ಕೇಳ್ತಿದ್ದಾನೆ, ನೀವು ತಗೊಂಡು ಹೋಗ್ತೀರಾ?" ಅಂದಳು. ಹಿತ್ತಲಿನಲ್ಲಿ ಹದಿನಾರು ವರ್ಷ ನಿಂತಿದ್ದ ಗಾಡಿ. ಮುಚ್ಚಳ ತೆಗೆದು ಮೊಬೈಲ್ ಟಾರ್ಚ್ ಬಿಟ್ಟು ನೋಡಿದೆ. ಒಳಗೆಲ್ಲಾ ಇಟ್ಟಿಗೆ ಪುಡಿ ಮೆತ್ತಿದ ಹಾಗೆ ಕೆಂಪು. ಅಲ್ಲಾಡಿಸಿದರೆ ಮರಳಿನ ಸದ್ದು. ಮೆಕ್ಯಾನಿಕ್ ಹುಡುಗ ನೋಡಿದವನೇ, "ಸಾರ್, ಇದನ್ನ ಎಸೀರಿ, ಡೂಪ್ಲಿಕೇಟ್ ಟ್ಯಾಂಕ್ ಸಿಗ್ತದೆ" ಅಂದ. ಟ್ಯಾಂಕ್ ಸಿಗ್ತದೆ ಮಾರಾಯ, ಆ 'ಘ' ಎಲ್ಲಿ ಸಿಗ್ತದೆ?

ನಮ್ಮ ಚರಿತ್ರೆಯಲ್ಲಿ ವಾಹನ ಅನ್ನೋದು ಸಣ್ಣ ವಿಷಯ ಅಲ್ಲ. 1929ರಲ್ಲಿ ಬಾಬಾಸಾಹೇಬರು ಸರ್ಕಾರ ನೇಮಿಸಿದ ಸಮಿತಿಯ ಸದಸ್ಯರಾಗಿ ಮಹಾರಾಷ್ಟ್ರದ ಚಾಳೀಸಗಾಂವ್‌ಗೆ ಹೋದಾಗ ಒಬ್ಬ ಟಾಂಗಾವಾಲನೂ ಅವರನ್ನು ಕೂರಿಸಿಕೊಂಡು ಓಡಿಸಲು ಒಪ್ಪಲಿಲ್ಲ. ಟಾಂಗಾ ಬೇಕಾದರೆ ಬಾಡಿಗೆಗೆ ತಗೊಳ್ಳಿ, ಓಡಿಸೋದು ಮಾತ್ರ ನಾವಲ್ಲ ಅಂದರು. ಕೇರಿಯವರಲ್ಲೇ ಒಬ್ಬ, ಎಂದೂ ಟಾಂಗಾ ಓಡಿಸದವನು, ಲಗಾಮು ಹಿಡಿದ. ಸೇತುವೆ ಹತ್ತಿರ ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲು ಮುರಿಯಿತು. ಬಾರ್-ಅಟ್-ಲಾ ಮುಗಿಸಿ ಬಂದ ಮನುಷ್ಯನ ಕತೆ ಇದು. ಹಾಗಾಗಿ ನಮ್ಮವನೊಬ್ಬ ತನ್ನದೇ ಗಾಡಿ ಕಿಕ್ ಹೊಡೆದು ಯಾರನ್ನೂ ಕೇಳದೆ ಊರೊಳಗೆ ಹೋಗುವುದರಲ್ಲಿ ಏನಿದೆ ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಅದೇ 1929ರಲ್ಲಿ ಜೆಕೊಸ್ಲೊವಾಕಿಯಾದಲ್ಲಿ ಜಾವಾ ಕಂಪನಿ ಹುಟ್ಟಿತು. ಯಾನೆಚೆಕ್ ಅನ್ನುವವನು ವಾಂಡರರ್ ಅನ್ನುವ ಜರ್ಮನ್ ಕಂಪನಿಯ ಮೋಟಾರ್ ಸೈಕಲ್ ವ್ಯವಹಾರ ಕೊಂಡು, ಎರಡೂ ಹೆಸರಿನ ಮೊದಲ ಎರಡೆರಡು ಅಕ್ಷರ ಸೇರಿಸಿ ಜಾವಾ ಅಂದ. ಅರವತ್ತರ ದಶಕದ ಶುರುವಿನಲ್ಲಿ ಇರಾನಿ ಕುಟುಂಬದವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತೆರೆದರು. ಜಯಚಾಮರಾಜ ಒಡೆಯರ್ ಉದ್ಘಾಟಿಸಿದರು. ಎಪ್ಪತ್ತರ ದಶಕದ ಮೊದಲ ಭಾಗದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. ಹೆಚ್ಚುಕಡಿಮೆ ಅದೇ ಹೊತ್ತಿಗೆ, 1973ರ ನವೆಂಬರಿನಲ್ಲಿ, ಅದೇ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಗ್ಗೆ ಬೂಸಾ ಮಾತು ಆಡಿದ್ದು, ಗಲಾಟೆ ಎದ್ದದ್ದು, ಅವರು ಮಂತ್ರಿಗಿರಿ ಬಿಟ್ಟದ್ದು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಈಗ ಪ್ರತಿ ವರ್ಷ ಜುಲೈ ಎರಡನೇ ಭಾನುವಾರ ಜಾವಾ ದಿನ ಅಂತ ಹಳೇ ಗಾಡಿಗಳ ಮೆರವಣಿಗೆ ಆಗ್ತದೆ. ಸಂತೋಷ. ಆ ಗಾಡಿಗಳು ಎಲ್ಲೆಲ್ಲಿ ಓಡಿದವು ಅನ್ನೋದರಲ್ಲಿ ನಮ್ಮ ಕೇರಿಗಳೂ ಇವೆ, ಅದನ್ನ ನಾವೇ ಬರೀಬೇಕು.

ಈಗ ತುಕ್ಕಿಗೆ ಬರೋಣ.

ಯೆಜ್ಡಿ ಎರಡು ಸ್ಟ್ರೋಕಿನ ಗಾಡಿ. ಪೆಟ್ರೋಲಿಗೇ ಆಯಿಲ್ ಕಲಸಿ ಟ್ಯಾಂಕಿಗೆ ಹಾಕಬೇಕು. ಗಾಡಿ ದಿನಾ ಓಡ್ತಾ ಇದ್ದರೆ ಆ ಆಯಿಲ್ ಒಳಗೋಡೆಗೆ ತೆಳ್ಳಗೆ ಅಂಟಿಕೊಂಡು ಕಾಯ್ತದೆ. ನಿಲ್ಲಿಸಿದಾಗಲೇ ತೊಂದರೆ. ಅರ್ಧ ಖಾಲಿ ಟ್ಯಾಂಕಿನಲ್ಲಿ ಗಾಳಿ, ಗಾಳಿಯಲ್ಲಿ ತೇವ. ರಾತ್ರಿ ತಣ್ಣಗಾದಾಗ ಒಳಗೆ ಬೆವರಿನ ಹಾಗೆ ಹನಿ ಕಟ್ತದೆ. ನೀರು ಪೆಟ್ರೋಲಿಗಿಂತ ಭಾರ, ಅದು ತಳಕ್ಕೆ ಹೋಗಿ ಕೂರ್ತದೆ. ಕಬ್ಬಿಣ, ನೀರು, ಆಮ್ಲಜನಕ ಮೂರೂ ಸಿಕ್ಕ ಮೇಲೆ ತುಕ್ಕು ತಾನಾಗಿ ಬರ್ತದೆ. ಈಗಿನ ಪೆಟ್ರೋಲಿನಲ್ಲಿ 20% ಎಥನಾಲ್ ಬೇರೆ, ಅದು ಗಾಳಿಯ ತೇವವನ್ನು ಎಳೆದುಕೊಳ್ಳುವ ಜಾತಿ. ಜಾಸ್ತಿ ನೀರು ಸೇರಿದರೆ ಎಥನಾಲೂ ನೀರೂ ಜೊತೆಗೂಡಿ ಪೆಟ್ರೋಲಿನಿಂದ ಬೇರೆಯಾಗಿ ಅಡಿಗೆ ಇಳೀತವೆ. ಹಳೇ ಗಾಡಿ ಇರುವವರು ತಿಂಗಳುಗಟ್ಟಲೆ ನಿಲ್ಲಿಸಬೇಡಿ.

ಸಮಸ್ಯೆ ಏನಂದ್ರೆ ಟ್ಯಾಂಕಿನ ಬಾಯಿ ಚಿಕ್ಕದು. ಎರಡು ಹಾಳೆ ಒತ್ತಿ, ಅಂಚು ಬೆಸೆದು ಮಾಡಿದ ಡಬ್ಬಿ ಅದು. ನಡುವೆ ಫ್ರೇಮಿನ ಮೇಲೆ ಕೂರಲು ಕುದುರೆ ಜೀನಿನ ಹಾಗೆ ಉಬ್ಬು. ಉಬ್ಬಿನ ಆಚೆ ಈಚೆ ಎರಡು ಜೇಬು. ಕೈ ಹಾಕಿ ಉಜ್ಜೋಣ ಅಂದರೆ ನಾಲ್ಕು ಬೆರಳೂ ಸರಿಯಾಗಿ ಹೋಗಲ್ಲ. ಈ ಕೈ ಹೋಗದ ಜಾಗಕ್ಕೆ ಜಗತ್ತು ಎಷ್ಟು ದಾರಿ ಹುಡುಕಿದೆ ನೋಡಿ.

ಒಂದು, ಹಳೇ ಮೆಕ್ಯಾನಿಕ್‌ಗಳ ದಾರಿ. ಒಂದು ಹಿಡಿ ನಟ್ಟು, ಇಲ್ಲವೇ ಹಳೇ ಸರಪಳಿ ತುಂಡು ಒಳಗೆ ಹಾಕಿ ಕುಲುಕೋದು. ಎಷ್ಟು ನಟ್ಟು ಹಾಕಿದ್ರಿ ಅಂತ ಎಣಿಸಿಕೊಂಡು, ಅಷ್ಟೇ ಹೊರಗೆ ತೆಗೀಬೇಕು. ಸಡಿಲ ತುಕ್ಕು ಇದರಲ್ಲೇ ಬಂದುಬಿಡ್ತದೆ.

ಎರಡು, ಹುಳಿ. ಕಬ್ಬಿಣದ ತಗಡಿಗೆ ತವರ ಬಳಿಯುತ್ತಿದ್ದ ಯುರೋಪಿನವರು ಒಂದು ಕಾಲದಲ್ಲಿ ತಗಡುಗಳನ್ನು ಹುಳಿ ಬಂದ ಧಾನ್ಯದ ನೀರಿನಲ್ಲಿ ನೆನೆಹಾಕಿ ಸ್ವಚ್ಛ ಮಾಡ್ತಿದ್ದರು. ನಮ್ಮ ಹುಳಿಗಂಜಿ ತರಹದ್ದೇ. ಆಮೇಲೆ ಗಂಧಕಾಮ್ಲ ಬಂತು. 1960ರ ದಶಕದಿಂದ ಉಕ್ಕಿನ ಕಾರ್ಖಾನೆಗಳು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ತಿರುಗಿದವು. ಮನೆಯಲ್ಲಿ ಹುಣಸೆ ಹಾಕಿ ಪಾತ್ರೆ ಬೆಳಗೋದು ಇದೇ ತತ್ವ.

ಮೂರು, ಫಾಸ್ಫಾರಿಕ್ ಆಮ್ಲ. 1906ರಲ್ಲಿ ಇಂಗ್ಲೆಂಡಿನ ಕಾಸ್ಲೆಟ್ ಎಂಬುವವನು ಇದರ ಪೇಟೆಂಟ್ ಮಾಡಿಸಿದ. ಇದು ಕಬ್ಬಿಣದ ಮೇಲೆ ಫಾಸ್ಫೇಟಿನ ತೆಳು ಪದರ ಬಿಡ್ತದೆ, ಮತ್ತೆ ತುಕ್ಕು ಬರೋದು ನಿಧಾನ ಆಗ್ತದೆ.

ನಾಲ್ಕು, ಕರೆಂಟು. 19ನೇ ಶತಮಾನದ ಕೊನೆಗೆ ಯುರೋಪಿನ ಮ್ಯೂಸಿಯಂಗಳು ನೆಲದಡಿ ಸಿಕ್ಕ ಹಳೇ ಕತ್ತಿ, ಕೊಡಲಿಗಳ ತುಕ್ಕನ್ನು ವಿದ್ಯುತ್ ಹರಿಸಿ ಇಳಿಸಲು ಕಲಿತವು.

ಐದು, ಟ್ಯಾನಿನ್. ಅದಕ್ಕೆ ಆಮೇಲೆ ಬರ್ತೀನಿ.

ಇದರಲ್ಲಿ ಜನ ಜಾಸ್ತಿ ಮಾಡೋದು ಎರಡನೆಯದು. ಕಕ್ಕಸು ತೊಳೆಯುವ ಆ್ಯಸಿಡ್ ಬಾಟಲಿ ತಂದು ಸುರಿಯೋದು. ನನ್ನ ಭಾಮೈದನ ಗಾಡಿಗೆ ಒಬ್ಬ ಮೆಕ್ಯಾನಿಕ್ ಹೀಗೇ ಮಾಡಿದ. ತುಕ್ಕು ಹೋಯ್ತು, ಜೊತೆಗೆ ಟ್ಯಾಂಕಿನ ತಳವೂ ಹೋಯ್ತು. ಸೂಜಿ ಚುಚ್ಚಿದ ಹಾಗೆ ಏಳೆಂಟು ತೂತು. ಆ್ಯಸಿಡ್‌ಗೆ ತುಕ್ಕು ಯಾವುದು, ಕಬ್ಬಿಣ ಯಾವುದು ಅಂತ ಭೇದ ಇಲ್ಲ. ಮೇಲಾಗಿ ಅದನ್ನು ತೊಳೆದು ಒಣಗಿಸುವಷ್ಟರಲ್ಲಿ ಬರಿ ಮೈ ಕಬ್ಬಿಣಕ್ಕೆ ಮತ್ತೆ ಕೆಂಪು ಹತ್ತಿಕೊಳ್ತದೆ. ನನಗಂತೂ ಇನ್ನೊಂದು ಭಯ ಇತ್ತು. ಬಾಯಿಂದ ಒಂದು ಹನಿ ಹೊರಗೆ ಚೆಲ್ಲಿದರೆ ಆ ನೀಲಿ ಬಣ್ಣ, ಬಿಳಿ ಅಕ್ಷರ ಎಲ್ಲಾ ಸುಟ್ಟುಹೋಗ್ತದೆ. ಒಳಗಿನ ಕೊಳೆ ತೆಗೀಲಿಕ್ಕೆ ಹೋಗಿ ಹೊರಗಿನ ಹೆಸರು ಕಳಕೊಳ್ಳೋದು ನನಗೆ ಬೇಕಿರಲಿಲ್ಲ.

ಹಾಗಾಗಿ ಕರೆಂಟಿನ ದಾರಿ ಹಿಡಿದೆ. ಮಾಡುವವರಿಗೆ ಕ್ರಮ ಹೇಳ್ತೀನಿ. ಟ್ಯಾಂಕ್ ಬಿಚ್ಚಿ, ಹಳೇ ಪೆಟ್ರೋಲ್ ಪೂರ್ತಿ ಬಸಿದು, ಸೋಪಿನ ಪುಡಿ, ಬಿಸಿನೀರು ಹಾಕಿ ವಾಸನೆ ಹೋಗುವವರೆಗೆ ನಾಲ್ಕೈದು ಸಲ ತೊಳೀಬೇಕು. ಪೆಟ್ರೋಲಿಗಿಂತ ಪೆಟ್ರೋಲಿನ ಆವಿ ಅಪಾಯ, ಖಾಲಿ ಟ್ಯಾಂಕೇ ಸಿಡಿಯೋದು. ಆಮೇಲೆ ಕೆಳಗಿನ ನಲ್ಲಿಯ ತೂತು ಮುಚ್ಚಿ, ಲೀಟರಿಗೆ ಒಂದು ಚಮಚದಂತೆ ಬಟ್ಟೆ ಸೋಡ ಕರಗಿಸಿದ ನೀರು ತುಂಬಿ. ಬಾಯಿಂದ ಒಂದು ಕಬ್ಬಿಣದ ಸರಳು ಇಳಿಬಿಡಿ, ಅದು ಟ್ಯಾಂಕಿಗೆ ಎಲ್ಲೂ ತಾಗದ ಹಾಗೆ ರಬ್ಬರ್ ಸುತ್ತಿ. 12 ವೋಲ್ಟಿನ ಬ್ಯಾಟರಿ ಚಾರ್ಜರಿನ ಮೈನಸ್ ಟ್ಯಾಂಕಿಗೆ, ಪ್ಲಸ್ ಸರಳಿಗೆ. ಉಲ್ಟಾ ಕೊಟ್ಟರೆ ಟ್ಯಾಂಕೇ ಕರಗ್ತದೆ, ಎರಡು ಸಲ ನೋಡಿ ಕೊಡಿ. ಸ್ಟೇನ್‌ಲೆಸ್ ಸ್ಟೀಲಿನ ಸರಳು ಬೇಡವೇ ಬೇಡ, ಅದರಿಂದ ವಿಷದ ಕ್ರೋಮಿಯಂ ನೀರಿಗಿಳೀತದೆ. ಹೈಡ್ರೋಜನ್ ಗುಳ್ಳೆ ಏಳ್ತದೆ, ಬಯಲಲ್ಲಿ ಮಾಡಿ, ಹತ್ತಿರ ಬೀಡಿ ಸೇದಬೇಡಿ.

ಎರಡು ಗಂಟೆಗೊಮ್ಮೆ ಸರಳು ಎತ್ತಿ ನೋಡಿದರೆ ಅದರ ಮೈಗೆ ಕೆಸರು ಮೆತ್ತಿ, ಸರಳು ಸವೆಯುತ್ತಾ ಬಂದಿರ್ತದೆ. ಉಜ್ಜಿ ಮತ್ತೆ ಇಳಿಬಿಡಬೇಕು. ಹೀಗೆ ತಾನು ಸವೆದು ಇನ್ನೊಂದು ಲೋಹವನ್ನು ಉಳಿಸುವ ಕಬ್ಬಿಣಕ್ಕೆ ಎಂಜಿನಿಯರುಗಳು ಬಲಿ ಅನ್ನುವ ಅರ್ಥದ ಹೆಸರೇ ಇಟ್ಟಿದ್ದಾರೆ. 1824ರಲ್ಲಿ ಹಂಫ್ರಿ ಡೇವಿ ಇಂಗ್ಲೆಂಡಿನ ಹಡಗುಗಳ ತಾಮ್ರದ ತಗಡು ಉಳಿಸಲು ಪಕ್ಕದಲ್ಲಿ ಕಬ್ಬಿಣದ ತುಂಡು ಕಟ್ಟಿದ. ಅದು ತುಕ್ಕು ಹಿಡೀತಾ ಹೋಯ್ತು, ತಾಮ್ರ ಉಳೀತು. ಆವತ್ತಿಂದ ಬಂದ ಉಪಾಯ.

ಮೊದಲ ಭಾನುವಾರ ಸಂಜೆ ಅಂಗಳದಲ್ಲಿ ಗುಳ್ಳೆ ನೋಡ್ತಾ ಕೂತಿದ್ದೆ. ಪಕ್ಕದ ಮನೆಯ ಅವ್ವ ಬಂದು, "ಏನಪ್ಪಾ ಮಾಡ್ತಿದೀಯ?" ಅಂತ ಕೇಳಿದಳು. "ಟ್ಯಾಂಕ್ ಕ್ಲೀನ್ ಮಾಡ್ತಿದೀನಿ" ಅಂದೆ. ಆಕೆ ಮುಖ ಒಂದು ಕ್ಷಣ ಬಿಳಿಚಿಕೊಂಡಿತು. ಆಮೇಲೆ ಮುಂದಿದ್ದ ಟ್ಯಾಂಕ್ ನೋಡಿ, "ಓ, ಗಾಡೀದಾ" ಅಂತ ಉಸಿರು ಬಿಟ್ಟಳು.

ನಮ್ಮ ಕೇರಿಯಲ್ಲಿ ಟ್ಯಾಂಕ್ ಕ್ಲೀನಿಂಗ್ ಅಂದರೆ ಒಂದೇ ಅರ್ಥ. ಆ ಅವ್ವನ ಮಗ ಎರಡು ವರ್ಷದ ಹಿಂದೆ ಒಂದು ಕಟ್ಟಡದ ಶೌಚಗುಂಡಿಗೆ ಇಳಿದವನು ಮೇಲೆ ಬರಲಿಲ್ಲ. ಇಪ್ಪತ್ತಾರು ವರ್ಷ. ಅವನನ್ನು ಎತ್ತಲು ಇಳಿದ ಇನ್ನೊಬ್ಬನನ್ನು ಹಗ್ಗ ಹಾಕಿ ಎಳೆದರು, ಅವನು ಉಳಿದ. ನೀರಿನ ಟ್ಯಾಂಕ್ ತೊಳೆಯೋದಿದೆ ಅಂತ ಕರೆದುಕೊಂಡು ಹೋಗಿದ್ದರಂತೆ. ದೂರಿನಲ್ಲಿ ಬರೆದದ್ದು "ಆಕಸ್ಮಿಕವಾಗಿ ಕಾಲು ಜಾರಿ ಬಿದ್ದು" ಅಂತ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೈಕಿನ ಟ್ಯಾಂಕಿಗೆ ಆಮ್ಲ, ಕರೆಂಟು, ಸರಪಳಿ, ಫಾಸ್ಫೇಟು ಅಂತ ಐದು ದಾರಿ ಕಂಡುಹಿಡಿದಿದ್ದಾರೆ. ಯಾಕೆ? ಅದರ ಬಾಯಿ ಚಿಕ್ಕದು, ಒಳಗೆ ಮನುಷ್ಯನನ್ನು ಇಳಿಸಲು ಆಗಲ್ಲ, ಅದಕ್ಕೆ. ಶೌಚಗುಂಡಿಯ ಬಾಯಿ ಒಬ್ಬ ಮನುಷ್ಯ ಹಿಡಿಸುವಷ್ಟು ದೊಡ್ಡದು. ಅಲ್ಲಿಗೆ ತಲೆ ಓಡಿಸುವ ಕೆಲಸ ಮುಗೀತು. ಆ ಮನುಷ್ಯ ಯಾರು ಅಂತ ಜಾತಿ ಮೊದಲೇ ಹೇಳಿಬಿಟ್ಟಿದೆ. ಪೆಟ್ರೋಲ್ ಆವಿ ಇದೆ ಹುಷಾರು ಅಂತ ಬೈಕಿನ ಟ್ಯಾಂಕಿಗೆ ಎಚ್ಚರಿಕೆ ಹೇಳುವವರು ನೂರು ಜನ. ಗುಂಡಿಯೊಳಗಿನ ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಾದರೆ ಮೊದಲು ಮೂಗಿನ ಶಕ್ತಿಯನ್ನೇ ಕಿತ್ತುಕೊಳ್ತದೆ, ವಾಸನೆ ಇಲ್ಲ ಅಂತ ಧೈರ್ಯವಾಗಿ ಇಳಿದವನು ಅಲ್ಲೇ ಕುಸೀತಾನೆ. ಇದನ್ನು ಇಳಿಯುವ ಹುಡುಗನಿಗೆ ಹೇಳಿದವರು ಯಾರು?

ತಂತ್ರಜ್ಞಾನ ಇರಲಿಲ್ಲ, ಅದಕ್ಕೇ ಹೀಗಾಯ್ತು ಅನ್ನುವವರಿಗೆ ನಮ್ಮ ಕೋಲಾರದ ಚಿನ್ನದ ಗಣಿ ಸಾಕು. 1902ರಲ್ಲಿ ಶಿವನಸಮುದ್ರದಿಂದ ನೂರ ನಲವತ್ತಕ್ಕೂ ಹೆಚ್ಚು ಕಿಲೋಮೀಟರ್ ತಂತಿ ಎಳೆದು ಗಣಿಗೆ ಕರೆಂಟು ತಂದರು. ಬೆಂಗಳೂರಿನ ಬೀದಿದೀಪಕ್ಕೂ ಮೊದಲು. ಭೂಮಿಯೊಳಗೆ ಮೂರು ಕಿಲೋಮೀಟರ್ ಇಳಿದರು, ಅಲ್ಲಿಗೆ ಗಾಳಿ ಕಳಿಸಿದರು, ಅಲ್ಲಿಂದ ನೀರು ಎತ್ತಿದರು. ಅದೇ ಊರಿನ ಕಾರ್ಮಿಕರ ಕಾಲೋನಿಗಳಲ್ಲಿ ಒಣ ಪಾಯಿಖಾನೆ, ಅದನ್ನು ಕೈಯಿಂದ ಬಳಿದು ಹೊರುವ ಜನ, ತೊಂಬತ್ತರ ದಶಕದವರೆಗೂ ಇದ್ದರು. ಮೂರು ಕಿಲೋಮೀಟರ್ ಆಳಕ್ಕೆ ಗಾಳಿ ಕಳಿಸಿದವರಿಗೆ ಮನೆಯ ಹಿಂದೆ ಒಂದು ಕೊಳವೆ ಹಾಕೋದು ಕಷ್ಟ ಆಗಿತ್ತಾ? ಅದೇ ಕೆಜಿಎಫ್‌ನಲ್ಲಿ, ಅದೇ ಕೆಲಸ ಮಾಡುತ್ತಿದ್ದ ಮನೆಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಇದರ ವಿರುದ್ಧ ನಿಂತರು. ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಕಾನೂನಿಗೂ ಕೊರತೆ ಇಲ್ಲ. ಎಪ್ಪತ್ತರ ದಶಕದಲ್ಲೇ ಬಸವಲಿಂಗಪ್ಪನವರು ಮಂತ್ರಿಯಾಗಿ ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. 1993ರಲ್ಲಿ ಕೇಂದ್ರದ ಕಾಯ್ದೆ, 2013ರಲ್ಲಿ ಇನ್ನೊಂದು ಕಾಯ್ದೆ. 2014ರಲ್ಲಿ ಸುಪ್ರೀಂ ಕೋರ್ಟು, 1993ರಿಂದ ಈಚೆಗೆ ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಿ ಅಂತ ಹೇಳಿತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. 2013ರ ಕಾಯ್ದೆ ಪ್ರಕಾರ ರಕ್ಷಣಾ ಸಾಮಗ್ರಿ ಇಲ್ಲದೆ ಗುಂಡಿಗೆ ಇಳಿಸಿದವನಿಗೆ ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಜೈಲು ಇದೆ. ಯಂತ್ರವೂ ಬಂದಿದೆ. 2018ರಲ್ಲಿ ಕೇರಳದ ಹುಡುಗರು ಮ್ಯಾನ್‌ಹೋಲಿಗೆ ಇಳಿಯುವ ಬ್ಯಾಂಡಿಕೂಟ್ ಅನ್ನುವ ರೋಬೋಟ್ ಮಾಡಿ ತಿರುವನಂತಪುರದಲ್ಲಿ ಇಳಿಸಿದರು. ಕಾನೂನು ಇದೆ, ಯಂತ್ರ ಇದೆ. ಆದರೂ ಮನುಷ್ಯ ಅಗ್ಗ. ಅವನು ಕಾಲು ಜಾರಿ ಬಿದ್ದ ಅಂತ ಬರೆದರೆ ಇನ್ನೂ ಅಗ್ಗ.

ಎರಡನೇ ಭಾನುವಾರಕ್ಕೆ ಬರ್ತೀನಿ. ಕರೆಂಟಿನ ಕೆಲಸದಲ್ಲಿ ಒಂದು ಕೊರತೆ ಇದೆ. ಸರಳಿಗೆ ನೇರ ಎದುರಿಗೆ ಇರುವ ಗೋಡೆ ಚೆನ್ನಾಗಿ ಸ್ವಚ್ಛ ಆಗ್ತದೆ. ಉಬ್ಬಿನ ಹಿಂದೆ, ಮೂಲೆಯಲ್ಲಿ, ಸರಳಿನ ಕಣ್ಣಿಗೆ ಬೀಳದ ಜೇಬುಗಳಲ್ಲಿ ತುಕ್ಕು ಹಾಗೇ ಉಳೀತದೆ. ಅಲ್ಲಿಗೆ ಏನು ಮಾಡೋದು ಅಂತ ಕೂತಾಗ ನಮ್ಮ ತಾತನ ನೆನಪಾಯ್ತು.

ತಾತ ಚರ್ಮ ಹದ ಮಾಡ್ತಿದ್ದರು. ತಂಗಡಿ ಗಿಡ ಗೊತ್ತಲ್ಲ, ಬಯಲಲ್ಲೆಲ್ಲಾ ಹಳದಿ ಹೂ ಬಿಡ್ತದಲ್ಲ, ಅದರ ತೊಗಟೆ ಜಜ್ಜಿ ನೀರಲ್ಲಿ ಹಾಕಿ, ಅದರಲ್ಲಿ ಚರ್ಮ ನೆನೆಸೋದು. ಆ ತೊಟ್ಟಿಯ ಹತ್ತಿರ ಕಬ್ಬಿಣದ ಬಕೆಟ್ ತಂದರೆ ತಾತ ಹೊಡೆಯೋಕೆ ಬರ್ತಿದ್ದರು. "ಕಬ್ಬಿಣ ಮುಟ್ಟಿಸಬೇಡ, ಚರ್ಮ ಕಪ್ಪಾಗ್ತದೆ" ಅಂತ. ಆದರೆ ಚಪ್ಪಲಿಗೆ ಕಪ್ಪು ಬೇಕಾದಾಗ ಮಾತ್ರ ಅವರೇ ತುಕ್ಕು ಹಿಡಿದ ಮೊಳೆ, ಲಾಳ ಎಲ್ಲಾ ಬೆಲ್ಲದ ನೀರಲ್ಲಿ ದಿನಗಟ್ಟಲೆ ಕೊಳೆಹಾಕಿ, ಆ ನೀರನ್ನು ಚರ್ಮಕ್ಕೆ ಬಳೀತಿದ್ದರು. ಕಣ್ಣೆದುರಿಗೇ ಕಂದು ಚರ್ಮ ಕಾಡಿಗೆ ಕಪ್ಪಾಗ್ತಿತ್ತು. ಬಟ್ಟೆಗೆ ಕಲಂಕಾರಿ ಬಣ್ಣ ಹಾಕುವವರು ಅಳಲೆಕಾಯಿ ಕೊಟ್ಟ ಬಟ್ಟೆಯ ಮೇಲೆ ಇದೇ ಬೆಲ್ಲ-ತುಕ್ಕಿನ ನೀರಿಂದ ಕಪ್ಪು ಗೆರೆ ಎಳೀತಾರೆ.

ಇದರೊಳಗಿನ ವಿಜ್ಞಾನ ಇಷ್ಟೇ. ತೊಗಟೆಯಲ್ಲಿ, ಅಳಲೆಯಲ್ಲಿ ಟ್ಯಾನಿನ್ ಅನ್ನುವ ಒಗರು ಇದೆ. ಒಗರು ಕಬ್ಬಿಣದ ಜೊತೆ ಕೂಡಿದರೆ ನೀಲಿಗಪ್ಪಿನ ಹೊಸ ವಸ್ತು ಆಗ್ತದೆ, ನೀರಿಗೆ ಸುಲಭಕ್ಕೆ ಕರಗಲ್ಲ. ತುಕ್ಕು ಇದ್ದ ಜಾಗದಲ್ಲೇ ಆ ಕಪ್ಪು ಪದರ ಕೂತು ಕಬ್ಬಿಣವನ್ನು ಕಾಯ್ತದೆ. ಇವತ್ತು ಅಂಗಡಿಯಲ್ಲಿ ತುಕ್ಕು ಬದಲಿಸುವ ದ್ರವ ಅಂತ ದುಡ್ಡು ಕೊಟ್ಟು ತರ್ತೀರಲ್ಲ, ಅಂಥ ಹಲವು ಬಾಟಲಿಗಳಲ್ಲಿ ಇರೋದು ಈ ಟ್ಯಾನಿನ್ನೇ. ತಾತ ಅದನ್ನು ತೊಟ್ಟಿಯಲ್ಲಿ ಇಟ್ಟುಕೊಂಡಿದ್ದರು. ಊರಿನವರು ಆ ತೊಟ್ಟಿಯ ಪಕ್ಕ ಹೋಗುವಾಗ ಮೂಗು ಮುಚ್ಚಿಕೊಳ್ತಿದ್ದರು.

ಇನ್ನೊಂದು ವಿಷಯ. ನಾನು ಗುಮಾಸ್ತ, ಹಳೇ ರಿಜಿಸ್ಟರುಗಳ ನಡುವೆ ಬದುಕುವವನು. ಅದರಲ್ಲಿನ ನೀಲಿಗಪ್ಪು ಶಾಯಿ ನೋಡಿದ್ದೀರಲ್ಲ. ಶತಮಾನಗಳ ಕಾಲ ದಫ್ತರಗಳಲ್ಲಿ ಬಳಸಿದ ಅಳಿಸದ ಶಾಯಿ ಅಂದರೆ ಒಗರು ಮತ್ತು ಅನ್ನಭೇದಿ, ಅಂದರೆ ಕಬ್ಬಿಣದ ಉಪ್ಪು. ತಾತನ ಚಪ್ಪಲಿಯ ಕಪ್ಪೂ ಅದೇ. ಯಾವ ನೆಲ ಯಾರದು, ಯಾರು ತೋಟಿ, ಯಾರು ತಳವಾರ ಅಂತ ಬರೆದಿಟ್ಟ ಅಕ್ಷರಕ್ಕೂ, ಆ ಅಕ್ಷರ ಕಲಿಯಲು ಬಿಡದೆ ಹೊರಗಿಟ್ಟ ಜನರ ಕೈಗೆ ಹತ್ತಿದ ಕರೆಗೂ ರಸಾಯನ ಒಂದೇ. ಒಂದಕ್ಕೆ ವಿದ್ಯೆ ಅಂದರು, ಇನ್ನೊಂದಕ್ಕೆ ಹೊಲಸು ಅಂದರು. ಶರಣರ ಕಾಲದ ಸಮಗಾರ ಹರಳಯ್ಯನವರನ್ನು ವರ್ಷಕ್ಕೊಮ್ಮೆ ಜಯಂತಿಯಲ್ಲಿ ನೆನೀತೀವಿ. ಹರಳಯ್ಯನವರಿಗೆ ಗೊತ್ತಿದ್ದ ವಿದ್ಯೆ ಏನು ಅಂತ ಯಾವ ಪಾಠಪುಸ್ತಕದಲ್ಲಿ ಓದಿದ್ದೀರಿ?

ಹಾಗಂತ ತಾತನ ಕೆಲಸವನ್ನು ನಾನು ಹೊಗಳಿ ಅಟ್ಟಕ್ಕೇರಿಸಲ್ಲ. ಸತ್ತ ದನ ಹೊರುವ ಕೆಲಸ ಬಿಡಿ ಅಂತ ಬಾಬಾಸಾಹೇಬರು ಹೇಳಿದ್ದು ಸರಿ, ತಾತನ ಮಕ್ಕಳು ಬಿಟ್ಟದ್ದೂ ಸರಿ. ಬಿಡಬೇಕಾದದ್ದು ಬಲವಂತವನ್ನು. ತಿಳಿವಳಿಕೆಯನ್ನೂ ಜೊತೆಗೇ ಎಸೆದುಬಿಟ್ಟರೆ ಅದನ್ನು ಬೇರೆಯವರು ಬಾಟಲಿಗೆ ತುಂಬಿ ನಮಗೇ ಮಾರ್ತಾರೆ.

ತಂಗಡಿ ತೊಗಟೆ ತಂದೆ. ಮಣ್ಣಿನ ಮಡಕೆಯಲ್ಲಿ ಕುದಿಸಿ, ಬಟ್ಟೆಯಲ್ಲಿ ಸೋಸಿ, ಆರಿಸಿ, ಟ್ಯಾಂಕಿಗೆ ತುಂಬಿ ಒಂದು ದಿನ ಬಿಟ್ಟೆ. ದಿನದಲ್ಲಿ ನಾಲ್ಕು ಸಲ ಮಗ್ಗುಲು ಬದಲಿಸಿದೆ, ಮೂಲೆಗೂ ಹೋಗಲಿ ಅಂತ. ಸುರಿದಾಗ ಶಾಯಿಯೇ ಬಂತು. ಚೆನ್ನಾಗಿ ತೊಳೆದು, ಕೂದಲು ಒಣಗಿಸುವ ಮಷೀನಿನಿಂದ ಬಿಸಿಗಾಳಿ ಬಿಟ್ಟು ಪೂರ್ತಿ ಒಣಗಿಸಿದೆ. ಕೂಡಲೇ ಪೆಟ್ರೋಲಿಗೆ ಜಾಸ್ತಿ ಆಯಿಲ್ ಕಲಸಿ, ಒಳಗೆಲ್ಲಾ ಹರಡುವ ಹಾಗೆ ಕುಲುಕಿದೆ. ಪೈಪಿಗೆ ಒಂದು ಫಿಲ್ಟರ್ ಹಾಕಿದೆ. ನೀವೂ ಹಾಕಿ, ಉಳಿದ ಪುಡಿ ಕಾರ್ಬುರೇಟರಿಗೆ ಹೋಗಬಾರದು.

ಫೋಟೋ ನೋಡಿ ಕೆಲವರು, "ಒಳಗೆ ಇನ್ನೂ ಕಪ್ಪಗಿದೆಯಲ್ಲ, ಕ್ಲೀನ್ ಎಲ್ಲಾಯ್ತು?" ಅಂದಿರಿ. ಕಪ್ಪಗಿದೆ, ಆದರೆ ತುಕ್ಕಿಲ್ಲ. ಕಪ್ಪು ಕಂಡ ಕೂಡಲೇ ಕೊಳೆ ಅನ್ನೋದು ನಮಗೂ ಅಂಟಿದ ಅಭ್ಯಾಸ. ಸ್ವಚ್ಛ ಬೇರೆ, ಶುದ್ಧ ಬೇರೆ. 1927ರ ಮಾರ್ಚ್ 20ರಂದು ಮಹಾಡ್‌ನಲ್ಲಿ ಬಾಬಾಸಾಹೇಬರು, ಸಾವಿರಾರು ಜನ ಚವದಾರ್ ಕೆರೆಯ ನೀರು ಕುಡಿದರು. ಇಂಗ್ಲಿಷ್ ಪುಸ್ತಕಗಳಲ್ಲಿ ಅದಕ್ಕೂ ಟ್ಯಾಂಕ್ ಅಂತಲೇ ಬರೀತಾರೆ. ಆಮೇಲೆ ಊರಿನ ಸವರ್ಣೀಯರು 108 ಕೊಡ ಪಂಚಗವ್ಯ ಸುರಿದು ಕೆರೆಯನ್ನು ಶುದ್ಧ ಮಾಡಿದರು. ಕುಡಿಯುವ ನೀರಿಗೆ ಸಗಣಿ, ಗಂಜಲ ಹಾಕಿದ್ದು ಶುದ್ಧಿ, ಮನುಷ್ಯ ಬೊಗಸೆ ಅದ್ದಿದ್ದು ಕೊಳೆ! ಹಳೇ ಕತೆ ಅನ್ನಬೇಡಿ. 2022ರ ನವೆಂಬರಿನಲ್ಲಿ ನಮ್ಮ ಚಾಮರಾಜನಗರದ ಹೆಗ್ಗೋಠಾರದಲ್ಲಿ, ಮದುವೆಗೆ ಬಂದಿದ್ದ ದಲಿತ ಹೆಣ್ಣುಮಗಳು ತೊಂಬೆಯ ನಲ್ಲಿಯಲ್ಲಿ ನೀರು ಕುಡಿದಳು ಅಂತ ಟ್ಯಾಂಕಿನ ನೀರೆಲ್ಲಾ ಚೆಲ್ಲಿ, ಗಂಜಲ ಹಾಕಿ ತೊಳೆದರು. ಪೊಲೀಸ್ ಕೇಸಾಯ್ತು.

ನಾವು ಮುಟ್ಟಿದ ನೀರಿನ ಟ್ಯಾಂಕನ್ನು ತೊಳೆಯಲು ಅವರೇ ಮೇಲೆ ಹತ್ತುತ್ತಾರೆ. ಅವರ ಮಲದ ಟ್ಯಾಂಕ್ ತೊಳೆಯಲು ನಮ್ಮನ್ನು ಕೆಳಗೆ ಇಳಿಸ್ತಾರೆ. ಬಾಲ್ಯದಿಂದ ನೋಡಿದ್ದನ್ನೇ, ಮೂರನೇ ಭಾನುವಾರ ಟ್ಯಾಂಕಿಗೆ ನಲ್ಲಿ ಕೂರಿಸುವಾಗ ನಾನು ಹೊಸದಾಗಿ ಯೋಚಿಸಿದ್ದು ಇಷ್ಟು.

ಗಾಡಿ ಸ್ಟಾರ್ಟ್ ಆಯ್ತು. ಇಪ್ಪತ್ತೊಂದನೇ ಕಿಕ್ಕಿಗೆ. ಯೆಜ್ಡಿಯ ಕಿಕ್ಕೇ ಮಡಚಿದರೆ ಗೇರು, ಅದು ಮರೆತುಹೋಗಿತ್ತು, ಕಾಲು ಮೊದಲ ದಿನ ತಡಕಾಡಿತು. ಆ ಎರಡು ಸೈಲೆನ್ಸರಿನ ಸದ್ದಿಗೆ ಕೇರಿಯ ಮುದುಕರು ಎದ್ದು ಹೊರಗೆ ಬಂದರು. ಒಬ್ಬರು, "ಏ, ಮೀಟಿಂಗ್ ಏನಾದ್ರೂ ಇದೆಯೇನೋ?" ಅಂತ ಕೇಳಿಯೇಬಿಟ್ಟರು.

ಮೊದಲ ಸವಾರಿ ದೂರ ಏನಿಲ್ಲ. ಪೆಟ್ರೋಲ್ ಬಂಕಿಗೆ ಹೋಗಿ, ಜೆರಾಕ್ಸ್ ಅಂಗಡಿಗೆ ಹೋಗಿ, ಪಕ್ಕದ ಮನೆ ಅವ್ವನ ಬಾಗಿಲಿಗೆ ವಾಪಸ್. ಅರ್ಜಿಯ ಮೂರು ಪ್ರತಿ, ಪ್ರತಿಯೊಂದರ ಮೇಲೂ ಆಕೆಯ ಹೆಬ್ಬೆಟ್ಟು. ಅರ್ಜಿ ನಾನೇ ಟೈಪ್ ಮಾಡಿದ್ದು. ಕೇಳಿರೋದು ಎರಡೇ. "ಕಾಲು ಜಾರಿ" ಅನ್ನುವುದನ್ನು ತೆಗೆದು 2013ರ ಕಾಯ್ದೆಯ ಕೆಳಗೆ, ದೌರ್ಜನ್ಯ ತಡೆ ಕಾಯ್ದೆಯ ಕೆಳಗೆ ಕೇಸು ದಾಖಲಿಸಿ. ಸುಪ್ರೀಂ ಕೋರ್ಟ್ ಹೇಳಿದ ಪರಿಹಾರ ಕೊಡಿ. ಎರಡು ವರ್ಷದಲ್ಲಿ ಇದು ನಾಲ್ಕನೇ ಅರ್ಜಿ. ಕಚೇರಿಯಲ್ಲಿ ಕಡತ ಹೇಗೆ ನಿಂತಲ್ಲೇ ನಿಲ್ತದೆ, ನಿಂತದ್ದು ಏನಾಗ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಒಬ್ಬನೇ ಹೋಗಿ ಕೊಟ್ಟರೆ ಸ್ವೀಕೃತಿ ಸೀಲು ಬೀಳ್ತದೆ, ಅಷ್ಟೇ.

ಸೋಮವಾರ ಬೆಳಿಗ್ಗೆ 11 ಗಂಟೆಗೆ ಜಿಲ್ಲಾಧಿಕಾರಿ ಕಚೇರಿ ಮುಂದೆ ಸೇರ್ತಿದೀವಿ. ಅರ್ಧ ದಿನ ರಜೆ ಹಾಕಿದ್ದೀನಿ. ಅವ್ವ ಗಾಡಿಯಲ್ಲೇ ಬರ್ತಾಳೆ. ನೀಲಿ ಟ್ಯಾಂಕು, ವಾಲಿದ 'ಘ', ಗುರುತು ಸಿಗ್ತದೆ. ನಿಮ್ಮ ಊರಿನಲ್ಲಿ ಯಾರಾದರೂ ಗುಂಡಿಗೆ ಜನ ಬೇಕು ಅಂತ ಕೇಳಿಕೊಂಡು ಬಂದರೆ ಇಳಿಯಬೇಡಿ, ಇಳಿಯುವವರನ್ನು ತಡೆಯಿರಿ, ಕರೆದವರ ವಿಳಾಸ ಬರೆದಿಟ್ಟುಕೊಳ್ಳಿ. ತುಕ್ಕು ತೆಗೆಯುವ ವಿಷಯದಲ್ಲಿ ಇನ್ನೇನಾದರೂ ಅನುಮಾನ ಇದ್ದರೆ ಅದನ್ನೂ ಅಲ್ಲೇ ಕೇಳಿ, ಹೇಳ್ತೀನಿ.

ಜೈ ಭೀಮ್.